‘ಇದು ಲೋಕಲ್ಲಾ?’: ಹೊಸದುರ್ಗದ ಒಂದು ಮನೆ, ಒಂದು ಮೋಡೆಮ್, ಒಂದು ಫೋನ್ ಬಿಲ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಒಂದು ಸದ್ದು ಕೇಳಿಸ್ತೀನಿ.

[ಡಯಲ್ ಟೋನ್. ಆರು ಬೀಪ್. ಆಮೇಲೆ ಮೋಡೆಮ್‌ನ ಕೀರಲು ಸದ್ದು.]

ನಿಮ್ಮಲ್ಲಿ ಸುಮಾರು ಜನಕ್ಕೆ ಇದು ಏನೂಂತ ಗೊತ್ತಾಗಿರಲ್ಲ. ನಿಮ್ಮ ಅಣ್ಣನಿಗೋ ಚಿಕ್ಕಪ್ಪನಿಗೋ ಕೇಳಿಸಿ, ತಕ್ಷಣ ಮುಖ ಅರಳುತ್ತೆ. ಇದು ಒಂದು ಕಂಪ್ಯೂಟರ್ ಫೋನ್ ಲೈನಿನ ಮೇಲೆ ಇನ್ನೊಂದು ಕಂಪ್ಯೂಟರಿಗೆ ಕರೆ ಮಾಡಿ ಮಾತಾಡೋ ಸದ್ದು. ಡಯಲ್‌ಅಪ್ ಇಂಟರ್‌ನೆಟ್. ಫೋನಿನ ತಂತಿ ಮನುಷ್ಯರ ದನಿಗಾಗಿ ಮಾಡಿದ್ದು. ಕಂಪ್ಯೂಟರಿನ ಲೆಕ್ಕವನ್ನ ದನಿಯಾಗಿ ಬದಲಾಯಿಸಿ ಕಳಿಸೋದು, ಆ ಕಡೆಯಿಂದ ಬಂದ ದನಿಯನ್ನ ಮತ್ತೆ ಲೆಕ್ಕ ಮಾಡೋದು ಮೋಡೆಮ್ ಕೆಲಸ. ಅದಕ್ಕೇ ಈ ಕಿರುಚಾಟ.

ಇವತ್ತಿನ ವಿಷಯ: ಆ ಕಾಲದಲ್ಲಿ ಮನೆಗೆ ಇಂಟರ್‌ನೆಟ್ ಕಂಪನಿಯನ್ನ ಜನ ಹೇಗೆ ಆರಿಸ್ತಿದ್ರು? ಬೆಂಗಳೂರಿನ ಕತೆ ಬೇರೆ ಕಡೆ ಕೇಳಿರ್ತೀರಿ. ನಾನು ಹೇಳೋದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಕತೆ. ನಮ್ಮ ಮನೆ ಕತೆ. ಈ ಕತೆಯಲ್ಲಿ ನಮ್ಮಣ್ಣ ಒಂದು ಕೆಲಸದ ಇಂಟರ್‌ವ್ಯೂ ಕಳಕೊಂಡ. ಯಾಕೆ ಅಂತ ಅರ್ಥ ಆಗೋಕೆ ನನಗೆ ಬಹಳ ವರ್ಷ ಬೇಕಾಯ್ತು.

ಮೊದಲು ಐದು ವರ್ಷ ಹಿಂದಕ್ಕೆ

ಭಾರತದಲ್ಲಿ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚೆ ಅರ್ನೆಟ್ ಅನ್ನೋ ಜಾಲದ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಇತ್ತು, ಆದ್ರೆ ಅದು ಪ್ರೊಫೆಸರುಗಳಿಗೆ, ಸಂಶೋಧಕರಿಗೆ. ಆಗಸ್ಟ್ 15ಕ್ಕೆ ವಿದೇಶ್ ಸಂಚಾರ್ ನಿಗಮ್, ಅಂದ್ರೆ ವಿಎಸ್‌ಎನ್‌ಎಲ್ ಅನ್ನೋ ಸರ್ಕಾರಿ ಕಂಪನಿ ಬಾಂಬೆ, ದೆಹಲಿ, ಕಲ್ಕತ್ತಾ, ಮದ್ರಾಸ್‌ನಲ್ಲಿ ಶುರು ಮಾಡ್ತು. ಆಮೇಲೆ ಬೆಂಗಳೂರು, ಪುಣೆ ಸೇರಿದವು.

ದರ ಕೇಳಿ. 250 ಗಂಟೆಗೆ ವ್ಯಕ್ತಿಗಳ ಖಾತೆ 5,000 ರೂಪಾಯಿಯಿಂದ ಶುರು, ವ್ಯಾಪಾರ ಸಂಸ್ಥೆಗಳಿಗೆ 25,000. ವೇಗ 9.6 ಕೆಬಿಪಿಎಸ್. ವಿದ್ಯಾರ್ಥಿಗಳಿಗೆ ಆಮೇಲೆ 500 ರೂಪಾಯಿ ಖಾತೆ ಬಂತು, ಆದ್ರೆ ಅದರಲ್ಲಿ ಬರೀ ಅಕ್ಷರ, ಚಿತ್ರ ಇಲ್ಲ. ಶುರುವಿನಲ್ಲಿ ಎಷ್ಟು ಸಮಸ್ಯೆ ಆಯ್ತು ಅಂದ್ರೆ ಆಗಿನ ಮುಖ್ಯಸ್ಥ ಬಿ.ಕೆ. ಸಿಂಗಲ್ ಸಾರ್ವಜನಿಕವಾಗಿಯೇ ತಪ್ಪೊಪ್ಪಿಕೊಂಡ್ರು.

ಮೂರು ವರ್ಷ ಇಡೀ ದೇಶಕ್ಕೆ ಒಂದೇ ಕಂಪನಿ. ಆರಿಸೋ ಪ್ರಶ್ನೆಯೇ ಇರಲಿಲ್ಲ. 1998ರ ನವೆಂಬರ್‌ನಲ್ಲಿ ಸರ್ಕಾರ ಹೊಸ ನೀತಿ ತಂದು ಖಾಸಗಿಯವರಿಗೆ ಬಾಗಿಲು ತೆಗೀತು. ಲೈಸೆನ್ಸ್ ಮೂರು ಥರ: ‘ಎ’ ಅಂದ್ರೆ ಇಡೀ ದೇಶ, ‘ಬಿ’ ಅಂದ್ರೆ ಒಂದು ರಾಜ್ಯದಷ್ಟು ದೊಡ್ಡ ಟೆಲಿಕಾಂ ವೃತ್ತ ಅಥವಾ ಒಂದು ಮಹಾನಗರ, ‘ಸಿ’ ಅಂದ್ರೆ ಹೆಚ್ಚುಕಮ್ಮಿ ಒಂದೆರಡು ಜಿಲ್ಲೆಯಷ್ಟು ಜಾಗ. ಮೊದಲ ಐದು ವರ್ಷ ಲೈಸೆನ್ಸ್ ಶುಲ್ಕ ಇಲ್ಲ. ಆಮೇಲೆ ವರ್ಷಕ್ಕೆ ಒಂದು ರೂಪಾಯಿ. ಹೌದು, ಒಂದೇ ರೂಪಾಯಿ. ಅದೇ ತಿಂಗಳು ಸತ್ಯಂ ಇನ್ಫೋವೇ ತನ್ನ ಸೇವೆ ಶುರು ಮಾಡ್ತು, ಆಮೇಲೆ ಮಂತ್ರ ಆನ್‌ಲೈನ್, ಡಿಶ್‌ನೆಟ್ ಹೀಗೆ ಒಂದರ ಹಿಂದೆ ಒಂದು. ಪೇಪರ್ ತೆಗೆದ್ರೆ ಜಾಹೀರಾತು. ಇಷ್ಟು ಗಂಟೆಗೆ ಇಷ್ಟು, ರಾತ್ರಿ ಹೊತ್ತು ಫ್ರೀ.

ಹೊಸದುರ್ಗದಲ್ಲಿ ಕೂತು ನಾವು ಓದ್ತಿದ್ದದ್ದೂ ಅದೇ ಪೇಪರ್. ನಮ್ಮ ಕಷ್ಟ ಶುರುವಾಗಿದ್ದೇ ಅಲ್ಲಿ.

ಎಸ್.ಪಿ. ರೋಡಿನಿಂದ ಬಂದ ಪೆಟ್ಟಿಗೆ

ನಮ್ಮದು ತೆಂಗಿನ ತೋಟದ ಮನೆ. ಹೊಸದುರ್ಗ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ, ತೆಂಗೇ ಜೀವನ. ಅಪ್ಪಾಜಿ ಕೊಬ್ಬರಿ ಮಾಡಿ ತಿಪಟೂರಿಗೆ ಕಳಿಸ್ತಿದ್ರು. ಮನೆಗೆ ಫೋನ್ ಹಾಕಿಸಿದ್ದೇ ಕೊಬ್ಬರಿ ರೇಟ್ ಕೇಳೋಕೆ. ಹರಾಜಿನ ದಿನ ಮಂಡಿಯಿಂದ ಫೋನ್ ಬರೋವರೆಗೂ ಅಪ್ಪಾಜಿ ಜಗಲಿ ಬಿಟ್ಟು ಕದಲ್ತಿರಲಿಲ್ಲ.

ಅಣ್ಣ 1999ರಲ್ಲಿ ಇಂಜಿನಿಯರಿಂಗ್ ಮುಗಿಸಿ, ಕೆಲಸ ಸಿಗದೆ ಮನೇಲಿದ್ದ. 2000ದ ಫೆಬ್ರವರಿಯಲ್ಲಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದ. ಬಸ್ಸಿನಲ್ಲಿ ಮಾನಿಟರನ್ನ ತೊಡೆ ಮೇಲೆ ಇಟ್ಕೊಂಡು ಬಂದಿದ್ದ. ನಾನು ಆಗ ಏಳನೇ ಕ್ಲಾಸು.

ಅದರ ಜೊತೆ ಒಂದು ಇಂಟರ್‌ನೆಟ್ ಪ್ಯಾಕ್ ಕೂಡ ಬಂತು. ಆ ಖಾಸಗಿ ಕಂಪನಿಯ ಹೆಸರು ಬೇಡ. ತಪ್ಪು ನಮ್ಮದೇ. ಅಂಗಡಿ ಹುಡುಗ ಎಲ್ಲಾ ಸೆಟ್ ಮಾಡಿ ಕೊಟ್ಟಿದ್ದ. ನಮ್ಮ ಊರು ಯಾವುದು ಅಂತ ಕೇಳಿ, ನಂಬರಿನ ಹಿಂದೆ 080 ಸೇರಿಸಿದ್ದ. ಅಣ್ಣನಿಗೆ ಪ್ಯಾಕ್ ಅಗ್ಗ ಅನ್ನಿಸಿತ್ತು. ಗಂಟೆ ಲೆಕ್ಕ ಹಾಕಿ, ಎರಡು ಮೂರು ಕಂಪನಿಗಳ ದರ ಪಟ್ಟಿ ಹೋಲಿಸಿ ನೋಡಿಯೇ ತಂದಿದ್ದ. ಬಹಳ ಜಾಣತನದ ಆಯ್ಕೆ.

ಎರಡು ತಿಂಗಳು ನಮ್ಮನೇಲಿ ಹಬ್ಬ. ರಾತ್ರಿ 11 ಆದ ಮೇಲೆ ಅಣ್ಣ ಕೂರ್ತಿದ್ದ, ಯಾಕಂದ್ರೆ ಅಪ್ಪಾಜಿಗೆ ಫೋನ್ ಬರೋ ಹೊತ್ತಲ್ಲ, ಎಸ್‌ಟಿಡಿ ದರದಲ್ಲೂ ರಿಯಾಯಿತಿ. ಒಂದು ಫೋಟೋ ತೆರೆದ್ರೆ ಮೇಲಿಂದ ಕೆಳಕ್ಕೆ ಗೆರೆ ಗೆರೆಯಾಗಿ ಬರೋದು. ಮೊದಲು ಆಕಾಶ, ಆಮೇಲೆ ತಲೆಕೂದಲು, ಹಣೆ. ಮೂಗು ಬರೋ ಹೊತ್ತಿಗೆ ಕನೆಕ್ಷನ್ ಕಟ್. 28.8 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 3.6 ಕಿಲೋಬೈಟ್. 3 ಎಂಬಿ ಹಾಡು ಇಳಿಸೋಕೆ ಎಲ್ಲಾ ಸರಿಯಿದ್ರೂ 14 ನಿಮಿಷ ಬೇಕು. ಗುಡುಗು ಸಿಡಿಲು ಬಂದ್ರೆ ಅವ್ವ ಓಡಿ ಬಂದು ಫೋನ್ ವಯರ್ ಕಿತ್ತು ಬಿಡೋರು. ಸಿಡಿಲಿನ ಕರೆಂಟು ಫೋನ್ ತಂತಿಯಲ್ಲಿ ಬಂದು ಮೋಡೆಮ್ ಸುಟ್ಟು ಹಾಕೋದು ಆಗ ಮಾಮೂಲಿ.

ಆ ರಾತ್ರಿಗಳಲ್ಲೇ ನಾನು ಮೊದಲ ಸಲ ಪರದೆ ಮೇಲೆ ಕನ್ನಡ ನೋಡಿದ್ದು. ಯು.ಬಿ. ಪವನಜ ಅವರು 1996ರಲ್ಲೇ ಶುರು ಮಾಡಿದ್ದ ‘ವಿಶ್ವಕನ್ನಡ’. ಫಾಂಟ್ ಇಳಿಸಿಕೊಳ್ಳೋ ತನಕ ಏನೂ ಓದೋಕೆ ಆಗ್ತಿರಲಿಲ್ಲ. ಇಳಿಸಿಕೊಂಡ ಮೇಲೆ ಅಣ್ಣ ಅವ್ವನ್ನ ಕರೆದು ತೋರಿಸಿದ. ಅವ್ವ ಪರದೆ ಹತ್ತಿರ ಮುಖ ತಂದು, ‘ಇದು ಕನ್ನಡ ಕಣೋ!’ ಅಂದ್ರು.

ಆಮೇಲೆ ಬಿಲ್ ಬಂತು.

ನಾಲ್ಕು ಸಾವಿರ ಚಿಲ್ಲರೆ

ಎರಡು ತಿಂಗಳಿಗೊಮ್ಮೆ ಬರೋ ಬಿಲ್ಲು. ನಮ್ಮದು ಯಾವತ್ತೂ ನಾನೂರು ದಾಟಿದ್ದಿಲ್ಲ. ಈ ಸಲ ನಾಲ್ಕು ಸಾವಿರ ಚಿಲ್ಲರೆ. ಅಪ್ಪಾಜಿ ಏನೂ ಬಯ್ಯಲಿಲ್ಲ. ಬಿಲ್ ಮಡಚಿ ಜೇಬಲ್ಲಿಟ್ಟು ಎಕ್ಸ್‌ಚೇಂಜಿಗೆ ಹೋದ್ರು. ನಾನೂ ಹಿಂದೆ ಹೋದೆ.

ಅಲ್ಲಿದ್ದವರೊಬ್ಬರು ಪಟ್ಟಿ ತೆಗೆದು ನೋಡಿ, ‘ಯಜಮಾನ್ರೇ, ದಿನಾ ರಾತ್ರಿ ಬೆಂಗಳೂರಿಗೆ ಗಂಟೆಗಟ್ಟಲೆ ಯಾರ ಹತ್ರ ಮಾತಾಡ್ತೀರಿ?’ ಅಂತ ಕೇಳಿದ್ರು. ‘ಯಾರೂ ಮಾತಾಡಲ್ಲ, ನಮ್ಮ ಹುಡುಗ ಕಂಪ್ಯೂಟರ್ ಹಚ್ತಾನೆ’ ಅಂದ್ರು ಅಪ್ಪಾಜಿ. ಆಗ ಅವರು ಬಿಡಿಸಿ ಹೇಳಿದ್ದನ್ನ ನಿಮಗೂ ಹೇಳ್ತೀನಿ. ಈ ಸಂಚಿಕೆಯ ತಿರುಳೇ ಅದು.

ಡಯಲ್‌ಅಪ್‌ನಲ್ಲಿ ನೀವು ಎರಡು ಕಡೆ ದುಡ್ಡು ಕೊಡ್ತೀರಿ. ಒಂದು, ಇಂಟರ್‌ನೆಟ್ ಕಂಪನಿಗೆ, ಗಂಟೆ ಲೆಕ್ಕದಲ್ಲಿ. ಇನ್ನೊಂದು, ಫೋನ್ ಇಲಾಖೆಗೆ. ಯಾಕಂದ್ರೆ ನೀವು ನೆಟ್‌ನಲ್ಲಿ ಇರೋಷ್ಟು ಹೊತ್ತೂ ಅದು ಒಂದು ಫೋನ್ ಕರೆ. ಲೋಕಲ್ ಕರೆಗೆ 3 ನಿಮಿಷಕ್ಕೆ ಒಂದು ಯೂನಿಟ್. ಗಂಟೆಗೆ 20 ಯೂನಿಟ್. ಯೂನಿಟ್‌ಗೆ ಒಂದು ರೂಪಾಯಿ ಆಸುಪಾಸು. ಅಂದ್ರೆ ಗಂಟೆಗೆ ಸುಮಾರು 20 ರೂಪಾಯಿ. ಎಸ್‌ಟಿಡಿ ಆದ್ರೆ ಯೂನಿಟ್ ಓಡೋದು ಸೆಕೆಂಡಿನ ಲೆಕ್ಕದಲ್ಲಿ. ಸುಮ್ನೆ ಒಂದು ಉದಾಹರಣೆಗೆ 12 ಸೆಕೆಂಡಿಗೆ ಒಂದು ಯೂನಿಟ್ ಅಂದ್ಕೊಳ್ಳಿ. ಗಂಟೆಗೆ 300 ಯೂನಿಟ್! ಅದೇ ವೆಬ್‌ಸೈಟು, ಅದೇ ವೇಗ, 15 ಪಟ್ಟು ಖರ್ಚು. ರಾತ್ರಿ ರಿಯಾಯಿತಿ ಕಳೆದ್ರೂ ಲೋಕಲ್‌ಗಿಂತ ಎಷ್ಟೋ ಪಟ್ಟು.

ಅಣ್ಣ ಹೋಲಿಸಿ ನೋಡಿದ್ದ ದರ ಪಟ್ಟಿ ಇದೆಯಲ್ಲ, ಅದು ಖರ್ಚಿನ ಸಣ್ಣ ಭಾಗ. ದೊಡ್ಡ ಭಾಗ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಬೆಂಗಳೂರಿನವರಿಗೆ ಆ ಕಂಪನಿ ನಿಜವಾಗಿಯೂ ಅಗ್ಗ. ನಮಗೆ ಅದೇ ಕಂಪನಿ ದುಬಾರಿ.

08199

ಇದು ಯಾಕೆ ಹೀಗೆ? ಆ ಕಾಲದಲ್ಲಿ ಪ್ರತಿ ತಾಲ್ಲೂಕೂ ಟೆಲಿಫೋನ್ ಲೆಕ್ಕದಲ್ಲಿ ಒಂದೊಂದು ದ್ವೀಪ. 08199 ಅಂದ್ರೆ ಹೊಸದುರ್ಗ. 08194 ಚಿತ್ರದುರ್ಗ. 08193 ಹಿರಿಯೂರು. 08191 ಹೊಳಲ್ಕೆರೆ. ನಮ್ಮದೇ ಜಿಲ್ಲಾ ಕೇಂದ್ರಕ್ಕೆ ಫೋನ್ ಮಾಡಿದ್ರೂ ಅದು ಎಸ್‌ಟಿಡಿ. ದೂರದ ಕರೆಗೆ ಹೆಚ್ಚು ದರ ಹಾಕಿ, ಆ ದುಡ್ಡಿನಲ್ಲಿ ಲೋಕಲ್ ಕರೆ ಮತ್ತು ಬಾಡಿಗೆಯನ್ನ ಕಮ್ಮಿ ಇಡೋದು ಇಲಾಖೆಯ ಪದ್ಧತಿ. ಹಳ್ಳಿಗಳಿಗೆ ಫೋನ್ ತಲುಪಿಸೋಕೆ ಅದರಿಂದ ಅನುಕೂಲವೂ ಆಗಿತ್ತು.

ಫೋನ್ ಹಳ್ಳಿಗೆ ತಲುಪಿದ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆ ಇದೆ. ಸ್ಯಾಮ್ ಪಿತ್ರೋಡಾ ಮುಂದಾಳತ್ವದಲ್ಲಿ 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ, ಧೂಳು ಬಿಸಿಲು ತಡೆಯೋ, ಎಸಿ ರೂಮು ಬೇಡದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮಾಡ್ತು. ಅದನ್ನ ಮೊದಲು ಕೂರಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ಅಂಥ ಎಕ್ಸ್‌ಚೇಂಜುಗಳಿಂದಲೇ ಊರೂರಿಗೆ ಡಯಲ್ ಟೋನ್ ಬಂತು, ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂತು. ಆದ್ರೆ ಮಾತಿನ ಫೋನು ಬೇರೆ, ಇಂಟರ್‌ನೆಟ್ ಬೇರೆ. ಮಾತು ಮೂರು ನಿಮಿಷದಲ್ಲಿ ಮುಗಿಯುತ್ತೆ. ನೆಟ್ ಮುಗಿಯಲ್ಲ.

ಇಂಟರ್‌ನೆಟ್ ಕಂಪನಿಯ ಕಡೆಯಿಂದಲೂ ನೋಡಿ. ಒಂದೇ ಸಲಕ್ಕೆ 30 ಜನ ನೆಟ್‌ಗೆ ಬರಬೇಕು ಅಂದ್ರೆ ಕಂಪನಿ ಹತ್ರ 30 ಫೋನ್ ಲೈನು, 30 ಮೋಡೆಮ್ ಪೋರ್ಟು ಇರಬೇಕು. 31ನೆಯವನಿಗೆ ಎಂಗೇಜ್ ಟೋನ್. ಅಲ್ಲಿಂದ ಬೆಂಗಳೂರಿಗೆ ಬಾಡಿಗೆ ಲೈನು ಬೇರೆ. ಬೆಂಗಳೂರಿನಲ್ಲಿ ಸಾವಿರಾರು ಗಿರಾಕಿ ಇದ್ರು, ಗಿಟ್ಟುತ್ತೆ. ಕಂಪ್ಯೂಟರ್ ಇರೋ ಮನೆ ಬೆರಳೆಣಿಕೆಯಷ್ಟಿದ್ದ ತಾಲ್ಲೂಕಿಗೆ ಯಾರು ಬರ್ತಾರೆ? ಒಂದು ರೂಪಾಯಿ ಲೈಸೆನ್ಸ್ ಇದ್ರೂ ಬರಲಿಲ್ಲ. ಬಾಗಿಲು ತೆಗೆದ್ರೆ ಸಾಕು, ಜನ ತಾವೇ ಬರ್ತಾರೆ ಅನ್ನೋ ಲೆಕ್ಕ ನಗರದಲ್ಲಿ ಸರಿ ಹೋಯ್ತು, ನಮ್ಮಲ್ಲಿ ಹೋಗಲಿಲ್ಲ.

ಹಾಗಂತ ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. 1998ರ ಮೇ ತಿಂಗಳಲ್ಲಿ ಪ್ರಧಾನಿ ವಾಜಪೇಯಿ ಮಾಹಿತಿ ತಂತ್ರಜ್ಞಾನಕ್ಕೆ ಒಂದು ಕಾರ್ಯಪಡೆ ಮಾಡಿದ್ರು. ಜುಲೈನಲ್ಲಿ ಅದು 108 ಶಿಫಾರಸು ಕೊಡ್ತು. ಅದರಲ್ಲಿ ಒಂದು: 2000ದ ಜನವರಿ 26ರ ಒಳಗೆ ಎಲ್ಲಾ ಜಿಲ್ಲಾ ಕೇಂದ್ರಗಳಲ್ಲೂ ಇಂಟರ್‌ನೆಟ್ ನೋಡ್ ಇರಬೇಕು. ಅಲ್ಲಿಯವರೆಗೆ ಹತ್ತಿರದ ನೋಡ್‌ಗೆ ಲೋಕಲ್ ಕರೆಯ ದರದಲ್ಲೇ ಸಂಪರ್ಕ ಕೊಡಬೇಕು. ಇನ್ನೊಂದು: ಎಸ್‌ಟಿಡಿ ಬೂತುಗಳನ್ನ ಮಾಹಿತಿ ಕೇಂದ್ರ ಮಾಡಬೇಕು. ದೂರ ಅನ್ನೋದೇ ದೊಡ್ಡ ಗೋಡೆ ಅಂತ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಎಕ್ಸ್‌ಚೇಂಜಿನವರು ಅಪ್ಪಾಜಿಗೆ ಹೇಳಿದ್ದೂ ಇದೇ ದಾರಿ. ‘ನಮ್ಮ ಇಲಾಖೆದೇ ಇಂಟರ್‌ನೆಟ್ ಇದೆ. 172 ಅಂತ ಶುರುವಾಗೋ ಆರು ಅಂಕಿ ನಂಬರು. ಹಿಂದೆ ಕೋಡ್ ಹಾಕೋ ಹಂಗಿಲ್ಲ. ನೋಡ್ ಎಲ್ಲೇ ಇರಲಿ, ನಿಮಗೆ ಬೀಳೋದು ಲೋಕಲ್ ಕಾಲ್.’

ಅಪ್ಪಾಜಿ ಒಂದೇ ಪ್ರಶ್ನೆ ಕೇಳಿದ್ರು. ‘ಇದು ಲೋಕಲ್ಲಾ?’

‘ಲೋಕಲ್ಲು.’

‘ಹಂಗಾದ್ರೆ ಅದೇ ಇರಲಿ.’

ಇಂಟರ್‌ನೆಟ್ ಅಂದ್ರೆ ಏನೂಂತ ಗೊತ್ತಿಲ್ಲದ ಮನುಷ್ಯ ಒಂದೇ ಪ್ರಶ್ನೆಯಲ್ಲಿ, ಇಂಜಿನಿಯರಿಂಗ್ ಓದಿದ ಮಗನಿಗಿಂತ ಸರಿಯಾದ ಆಯ್ಕೆ ಮಾಡಿದ್ರು.

ಆದ್ರೆ ಇಂಟರ್‌ವ್ಯೂ

ಕತೆ ಇಲ್ಲಿಗೇ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಬಿಲ್ ಬಂದ ದಿನವೇ ಅಪ್ಪಾಜಿ ಫೋನಿಗೆ ಎಸ್‌ಟಿಡಿ ಲಾಕ್ ಹಾಕಿಸಿದ್ರು. ತಿಪಟೂರಿಗೆ ಮಾತಾಡೋಕೆ ತಾವೇ ಬೂತಿಗೆ ಹೋಗೋರು. 172ರ ಖಾತೆ ಮಾಡಿಸಿ ಬರೋಕೆ ಇನ್ನೊಂದಿಷ್ಟು ದಿನ ಹಿಡೀತು. ಆ ನಡುವೆ ಅಣ್ಣನ ಹಳೇ ಖಾತೆ ಬೆಂಗಳೂರಿನಲ್ಲಿ, ಅಣ್ಣ ಹೊಸದುರ್ಗದಲ್ಲಿ.

ಈಗ ಒಂದು ವಿಷಯ ಗಮನಿಸಿ. ಆಗ ಇಂಟರ್‌ನೆಟ್ ಕಂಪನಿ ಬರೀ ನೆಟ್ ಕೊಡ್ತಿರಲಿಲ್ಲ, ಇಮೇಲ್ ವಿಳಾಸವನ್ನೂ ಕೊಡ್ತಿತ್ತು. ಯಾವ ಕಂಪನಿಯೋ ಆ ಕಂಪನಿಯ ಹೆಸರೇ ನಿಮ್ಮ ವಿಳಾಸದಲ್ಲಿ. ಕಂಪನಿ ಬಿಟ್ರೆ ವಿಳಾಸವೂ ಹೋಯ್ತು. ಅಣ್ಣ ತನ್ನ ಬಯೋಡೇಟಾದಲ್ಲಿ ಹೆಮ್ಮೆಯಿಂದ ಆ ವಿಳಾಸ ಹಾಕಿ, ನಲವತ್ತೋ ಐವತ್ತೋ ಕಡೆ ಕಳಿಸಿದ್ದ. ಆ ಅಂಚೆ ಬೀಳ್ತಿದ್ದದ್ದು ಆ ಕಂಪನಿಯ ಕಂಪ್ಯೂಟರಿಗೆ. ಅದನ್ನ ತೆಗೆಯೋಕೆ ಅಣ್ಣ ಇಟ್ಟುಕೊಂಡಿದ್ದ ದಾರಿ ಒಂದೇ, ಆ 080 ನಂಬರಿಗೆ ಡಯಲ್ ಮಾಡೋದು. ಅದಕ್ಕೆ ಬೀಗ ಬಿದ್ದಿತ್ತು.

ಎರಡು ವಾರ ಆದ ಮೇಲೆ ಅವನು ಬೆಂಗಳೂರಿಗೆ ಹೋಗಿ, ಸ್ನೇಹಿತನ ರೂಮಿನಲ್ಲಿ ಅಂಚೆ ತೆರೆದ. ಒಂದು ಇಂಟರ್‌ವ್ಯೂ ಕರೆ ಬಂದಿತ್ತು. ದಿನಾಂಕ ಕಳೆದು ಆರು ದಿನ ಆಗಿತ್ತು.

ಆ ಕೆಲಸ ಸಿಕ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅಣ್ಣ ಆಮೇಲೆ ಬೇರೆ ಕೆಲಸಕ್ಕೆ ಸೇರಿದ, ಚೆನ್ನಾಗಿಯೇ ಇದ್ದಾನೆ. ಆದ್ರೆ ಅವತ್ತು ಊರಿಗೆ ವಾಪಸ್ ಬಂದವನು ಅಪ್ಪಾಜಿಗೆ ಈ ವಿಷಯ ಹೇಳಲೇ ಇಲ್ಲ. ನನಗೆ ಹೇಳಿ, ‘ಅಪ್ಪಾಜಿಗೆ ಹೇಳಬೇಡ ಕಣೋ, ಲಾಕ್ ಹಾಕಿಸಿದ್ದಕ್ಕೆ ಬೇಜಾರು ಮಾಡ್ಕೋತಾರೆ’ ಅಂದ. ಅಪ್ಪಾಜಿ ತೀರಿಕೊಂಡು ಕೆಲವು ವರ್ಷ ಆಯ್ತು. ಅವನನ್ನ ಕೇಳಿ, ಅವನು ಒಪ್ಪಿದ ಮೇಲೆ ಇದನ್ನ ನಿಮಗೆ ಹೇಳ್ತಿದ್ದೀನಿ.

ತಮಾಷೆ ಅಂದ್ರೆ, ಈ ಕಷ್ಟಕ್ಕೆ ಉತ್ತರ ಆಗಲೇ ಇತ್ತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ಕ್ಕೆ ಅಮೆರಿಕದಲ್ಲಿ ಹಾಟ್‌ಮೇಲ್ ಶುರು ಮಾಡಿದ್ರು. ಯಾವ ಕಂಪನಿಯ ನೆಟ್ ಆದ್ರೂ ಸರಿ, ಯಾವ ಊರಿನ ಸೈಬರ್ ಕೆಫೆ ಆದ್ರೂ ಸರಿ, ನಿಮ್ಮ ಅಂಚೆ ನಿಮಗೆ ಸಿಗುತ್ತೆ. ಅದು ಅಮೆರಿಕದ ಆಚರಣೆ ದಿನ, ಇಂಟರ್‌ನೆಟ್ ಕಂಪನಿಯ ಹಂಗಿನಿಂದ ಸ್ವಾತಂತ್ರ್ಯ ಅನ್ನೋ ಅರ್ಥದಲ್ಲೇ ಆ ದಿನ ಆರಿಸಿದ್ರು. ಅಣ್ಣ ಮುಂದಿನ ವಾರವೇ ಹಾಟ್‌ಮೇಲ್ ಖಾತೆ ಮಾಡಿ, ಬಯೋಡೇಟಾ ಎಲ್ಲಾ ಹೊಸದಾಗಿ ಪ್ರಿಂಟ್ ಹಾಕಿಸಿದ.

ಆಮೇಲಿನ ದಾರಿ

2000ದ ಅಕ್ಟೋಬರ್ 1ಕ್ಕೆ ಫೋನ್ ಇಲಾಖೆಯೇ ಬಿಎಸ್‌ಎನ್‌ಎಲ್ ಆಯ್ತು. ಅವರ ಸಂಚಾರ್‌ನೆಟ್ ಸಣ್ಣ ಊರುಗಳ ಇಂಟರ್‌ನೆಟ್ ಆಯ್ತು. ಆಮೇಲೆ ನೆಟ್‌ಒನ್ ಅಂತ ಬಂತು, ಅದಕ್ಕೆ ಪ್ಯಾಕೂ ಬೇಡ, ನಿಮ್ಮ ಫೋನ್ ನಂಬರೇ ಗುರುತು, ದುಡ್ಡು ಫೋನ್ ಬಿಲ್ಲಿನಲ್ಲೇ. 2002ರ ಫೆಬ್ರವರಿಯಲ್ಲಿ ವಿಎಸ್‌ಎನ್‌ಎಲ್ ಟಾಟಾ ಕೈಗೆ ಹೋಯ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯ್ತು. ಅದೇ ತಾಮ್ರದ ತಂತಿ, ಆದ್ರೆ ಮಾತೂ ನೆಟ್ಟೂ ಒಟ್ಟಿಗೆ. ಅದು ತಲುಪಿದ ಊರುಗಳಲ್ಲಿ ಕೊಬ್ಬರಿ ರೇಟಿಗೂ ಇಂಟರ್‌ನೆಟ್ಟಿಗೂ ಜಗಳ ಮುಗೀತು. 2011ರ ಜನವರಿಯಲ್ಲಿ ಮೊಬೈಲ್ ನಂಬರ್ ಪೋರ್ಟ್ ಮಾಡೋ ಹಕ್ಕು ದೇಶದೆಲ್ಲೆಡೆ ಬಂತು, ಕಂಪನಿ ಬಿಟ್ರೂ ನಂಬರ್ ನಮ್ಮದೇ. 2016ರಿಂದ ಡೇಟಾ ಅಗ್ಗ ಆದ ಕತೆ ನಿಮಗೇ ಗೊತ್ತು.

ಹಾಗಾದ್ರೆ ಎಲ್ಲಾ ಸರಿ ಹೋಯ್ತಾ? ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮ ತೋಟದ ಹತ್ರ ಒಂದೇ ಕಂಪನಿ ಸಿಗ್ನಲ್ಲು, ಅದೂ ನೀರಿನ ತೊಟ್ಟಿ ಮೇಲೆ ಹತ್ತಿದ್ರೆ. ಪಕ್ಕದ ತೋಟದ ಹುಡುಗಿ ಪಿಯುಸಿ ಓದ್ತಾಳೆ. ಯಾವ ಸಿಮ್ ಅಂತ ಕೇಳಿದೆ. ‘ಆಫರ್ ಎಲ್ಲಾ ನೋಡಲ್ಲ ಅಣ್ಣ, ಇಲ್ಲಿ ಬರೋದು ಇದೊಂದೇ’ ಅಂದ್ಲು. ನನಗೆ ತಟ್ಟನೆ ಅಪ್ಪಾಜಿ ಪ್ರಶ್ನೆ ನೆನಪಾಯ್ತು. ಅವಳದ್ದೂ ಅದೇ ಪ್ರಶ್ನೆ, ಮಾತು ಬೇರೆ ಅಷ್ಟೇ.

ಆಯ್ಕೆ ಅನ್ನೋದು ದರ ಪಟ್ಟಿಯಲ್ಲಿ ಇರಲ್ಲ, ತಂತಿಯೋ ಟವರೋ ಎಲ್ಲಿವರೆಗೆ ಬಂದಿದೆ ಅನ್ನೋದರಲ್ಲಿ ಇರುತ್ತೆ. ಅದನ್ನ ಕೊನೇ ಊರಿನ ತನಕ ಎಳೆಯೋ ಕೆಲಸ ಯಾರದ್ದು ಅನ್ನೋದು 1998ರ ಪ್ರಶ್ನೆ, ಈಗಲೂ ಅದೇ ಪ್ರಶ್ನೆ.

ನಿಮಗೊಂದು ಕೆಲಸ ಕೊಡ್ತೀನಿ. ಮನೇಲಿ ಹಳೇ ಟೆಲಿಫೋನ್ ಬಿಲ್ ಇದ್ರೆ ಹುಡುಕಿ. ಅಟ್ಟದ ಮೇಲೋ, ಅಪ್ಪನ ಟ್ರಂಕಿನಲ್ಲೋ ಇರುತ್ತೆ. ಅದರಲ್ಲಿ 172 ಅಂತ ಎಲ್ಲಾದ್ರೂ ಕಂಡ್ರೆ, ಆ ಕರೆ ಮಾಡಿದವರು ಯಾರು, ಯಾಕೆ ಅಂತ ಕೇಳಿ. ಅವರ ಉತ್ತರವನ್ನ ವಾಯ್ಸ್ ನೋಟ್ ಮಾಡಿ ನಮಗೆ ಕಳಿಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.

[ಮೋಡೆಮ್ ಸದ್ದು. ಫೋನ್ ಇಟ್ಟ ಸದ್ದು.]